ಕಾಲೇಜು ಮನೆಗೆ ಬಂತು, ಗ್ರಂಥಾಲಯ?

ನಮ್ಮ ದೇಹೂ ರೋಡ್ ವಿದ್ಯೆಗಾಗಿ ಹುಟ್ಟಿದ ಊರಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯದ ಸಾಮಾನು ಸರಂಜಾಮು ಇಡುವ ಡಿಪೋ ಇಲ್ಲಿಗೆ ಬಂತು. ಅದರ ಬೆನ್ನಿಗೆ ಕ್ಯಾಂಟೋನ್ಮೆಂಟು, ಮುಂದೆ ಕಾರಖಾನೆ, ಅವುಗಳ ಬೆನ್ನಿಗೆ ನಾವು. ತಮಿಳರು, ತೆಲುಗರು, ಕನ್ನಡಿಗರು ಎಲ್ಲರೂ ಹೊಟ್ಟೆಯ ಪಾಡಿಗೆಂದು ಬಂದು ನಿಂತವರು. ವಿಜಾಪುರ, ಕಲಬುರ್ಗಿ, ಬೆಳಗಾವಿ, ಗದಗಗಳ ಕಡೆಯಿಂದ ಬಂದ ಮನೆಗಳಲ್ಲಿ ಅರ್ಧಕ್ಕೆ ನಿಂತ ಓದು ಒಂದಾದರೂ ಇದ್ದೇ ಇರುವದು. ತಂದೆ ತೀರಿಕೊಂಡರೆಂದು ಬಿ.ಎ. ಎರಡನೆಯ ವರ್ಷಕ್ಕೆ ಬಿಟ್ಟವರು, ಮದುವೆಯಾಯಿತೆಂದು ಬಿಟ್ಟವರು, ನೌಕರಿ ಸಿಕ್ಕಿತೆಂದು ಸಂತೋಷದಿಂದಲೇ ಬಿಟ್ಟವರು. ಅಂಥ ಓದನ್ನು ಮತ್ತೆ ಕೈಗೆತ್ತಿಕೊಳ್ಳುವ ಅವಕಾಶ ಈಚಿನ ನಾಲ್ಕಾರು ವರ್ಷಗಳಲ್ಲಿ ಮನೆಬಾಗಿಲಿಗೆ ಬಂದಿದೆ. ಆನ್‌ಲೈನ್ ಪದವಿ ಎಂದು ಅದಕ್ಕೆ ಹೆಸರು. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಈ ಮಾತೇ ನಡೆದಿರುವದರಿಂದ ಅದರ ಒಳಹೊರಗನ್ನು, ಅದರಲ್ಲಿಯೂ ಎಲ್ಲರೂ ಮರೆತುಬಿಡುವ ಒಂದು ಅಂಗವನ್ನು ಕುರಿತು ನಾನು ಕಂಡಷ್ಟನ್ನು ಇಲ್ಲಿ ಬರೆಯುತ್ತೇನೆ. ಆ ಅಂಗವೆಂದರೆ ಗ್ರಂಥಾಲಯ.

ದೂರದಿಂದ ಕಲಿಸುವದು ನಮ್ಮ ದೇಶಕ್ಕೆ ಹೊಸತಲ್ಲ. ದಿಲ್ಲಿ ವಿಶ್ವವಿದ್ಯಾಲಯವು 1962ರಲ್ಲಿಯೇ ಅಂಚೆಯ ಮೂಲಕ ಪಾಠ ಕಳಿಸತೊಡಗಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರಲ್ಲಿ ಆರಂಭವಾಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರದು. ನಮ್ಮ ನೆರೆಯ ನಾಸಿಕದ ಯಶವಂತರಾವ ಚವ್ಹಾಣ ಮುಕ್ತ ವಿಶ್ವವಿದ್ಯಾಲಯ 1989ರದು. ಇವೆಲ್ಲ ಇದ್ದರೂ ಗಡಿಯಾಚೆಯ ಕನ್ನಡಿಗನಿಗೆ ಒಂದು ತೊಡಕು ಇದ್ದೇ ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ಒಂದು ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣವು ಆ ರಾಜ್ಯದ ಎಲ್ಲೆಯೊಳಗೇ ನಡೆಯತಕ್ಕದ್ದು. ಮೈಸೂರಿನ ಪಾಠ ಬೇಕೆಂದವನು ಗಡಿ ದಾಟಿ ಹೋಗಿ ಹೆಸರು ಹಚ್ಚಬೇಕು, ಪರೀಕ್ಷೆಗೆ ರಜೆ ಹಾಕಿ ರೈಲು ಹತ್ತಬೇಕು. ಸಂಸಾರವಂದಿಗನಿಗೆ ಇದು ಆಗುವ ಮಾತೆ? ಆನ್‌ಲೈನ್ ಪದವಿಗೆ ಈ ಎಲ್ಲೆಕಟ್ಟು ಇಲ್ಲ. 2020ರ ಸೆಪ್ಟೆಂಬರ ತಿಂಗಳಲ್ಲಿ ಹೊರಟ ಆಯೋಗದ ನಿಯಮಾವಳಿ ಇದಕ್ಕೆ ಆಧಾರ. ಮಾನ್ಯತೆಯುಳ್ಳ ಸಂಸ್ಥೆಯಿಂದ ಹೀಗೆ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ತಿಳಿಸಿಯೂ ಇದೆ. ದೇಹೂ ರೋಡಿನ ಎರಡು ಕೋಣೆಯ ಮನೆಯಲ್ಲಿ ಕುಳಿತು ಕನ್ನಡದಲ್ಲಿಯೇ ಎಂ.ಎ. ಓದುವದು ಹೀಗೆ ಸಾಧ್ಯವಾಯಿತು. ಇದನ್ನು ಸಣ್ಣ ಮಾತೆಂದು ನಾನು ತಿಳಿಯುವದಿಲ್ಲ.

ಈ ಆನ್‌ಲೈನ್ ಕಾಲೇಜಿಗೆ ಕಟ್ಟಡವಿಲ್ಲ. ಕಟ್ಟಡದ ಬದಲು ಇರುವದು ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಏರ್ಪಾಡು, ಎಲ್ಲರೂ ಎಲ್.ಎಂ.ಎಸ್. ಎನ್ನುವರು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ತಿಳಿಸುವದು ಕಷ್ಟವಲ್ಲ. ನಮ್ಮಲ್ಲಿ ಹಾಜರಿಯ ಮಸ್ಟರು ಒಂದು, ಆವಕ-ಜಾವಕದ ವಹಿ ಒಂದು, ಸೂಚನಾ ಫಲಕ ಒಂದು, ಪ್ರತಿಯೊಬ್ಬನ ಸೇವಾ ಪುಸ್ತಕ ಒಂದು. ಇವೆಲ್ಲವನ್ನೂ ಒಂದೇ ವಹಿಯಾಗಿ ಹೊಲಿದು ಅದನ್ನು ಮೊಬೈಲಿನಲ್ಲಿ ಇಟ್ಟರೆ ಎಲ್.ಎಂ.ಎಸ್. ಆಯಿತು. ಪಾಠದ ವಿಡಿಯೋ ಅಲ್ಲಿಯೇ, ಓದುವ ಪಾಠ ಅಲ್ಲಿಯೇ, ಗುರುಗಳನ್ನು ಪ್ರಶ್ನೆ ಕೇಳುವದು ಅಲ್ಲಿಯೇ, ಬರೆದ ಉತ್ತರ ಒಪ್ಪಿಸುವದು ಅಲ್ಲಿಯೇ, ಅಂಕ ತಿಳಿಯುವದೂ ಅಲ್ಲಿಯೇ. ವಿಡಿಯೋ, ಬರಹದ ಪಾಠ, ಚರ್ಚೆ, ಸ್ವಪರೀಕ್ಷೆ ಎಂದು ನಾಲ್ಕು ಪಾದಗಳಿರಬೇಕೆಂಬುದು ನಮ್ಮ ದೇಶದ ನಿಯಮ. 2017ರಲ್ಲಿ ಕೇಂದ್ರ ಸರಕಾರ ತೆರೆದ ಸ್ವಯಂ ಎಂಬ ಪಾಠಮಾಲೆಯೂ ಈ ನಾಲ್ಕು ಕಾಲಿನ ಮೇಲೆಯೇ ನಿಂತಿದೆ. ಇಂಥ ಏರ್ಪಾಡುಗಳಲ್ಲಿ ಬಹಳ ಬಳಕೆಯಲ್ಲಿರುವ ಮೂಡಲ್ ಎಂಬುದನ್ನು 2002ರಲ್ಲಿ ಹೊರತಂದವರು ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಸ್. ಅವರು ಹುಡುಗನಾಗಿದ್ದಾಗ ಮರುಭೂಮಿಯ ನಡುವಿನ ಹಳ್ಳಿಯಲ್ಲಿದ್ದು ರೇಡಿಯೋದ ಮೂಲಕ ಶಾಲೆ ಕಲಿತವರಂತೆ. ದೂರದ ಕಷ್ಟ ಬಲ್ಲವನೇ ದೂರಕ್ಕೆ ಸೇತುವೆ ಕಟ್ಟಿದ. ಮೂಡಲನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ನಮ್ಮ ಚಾಳಿನಲ್ಲಿ ವಿಜಾಪುರದ ಕಡೆಯ ಒಬ್ಬ ಅಕ್ಕ ಇದ್ದಾರೆ. ಯಜಮಾನರು ಫಿಟರ್, ಇಬ್ಬರು ಮಕ್ಕಳು ಶಾಲೆಗೆ ಹೋಗುವವರು. ಬಿ.ಎ. ಮುಗಿಸಿ ಹದಿನಾರು ವರ್ಷದ ಮೇಲೆ ಅವರು ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಆನ್‌ಲೈನಿನಲ್ಲಿ ಹೆಸರು ಹಚ್ಚಿದರು. ಯಾವ ವಿಶ್ವವಿದ್ಯಾಲಯವೆಂಬುದು ಇಲ್ಲಿ ಬೇಡ. ರಾತ್ರಿ ಮುಸುರೆ ತಿಕ್ಕಿ, ಮಕ್ಕಳನ್ನು ಮಲಗಿಸಿ, ಹತ್ತು ಗಂಟೆಗೆ ಕಿವಿಗೆ ಸಿಕ್ಕಿಸಿಕೊಂಡು ಪಾಠಕ್ಕೆ ಕೂಡ್ರುವರು. ಪಾಠ ಒಳ್ಳೆಯದಿತ್ತು. ಕೇಳಿದ್ದು ತಿಳಿಯದಿದ್ದರೆ ಮತ್ತೆ ಹಿಂದಕ್ಕೆ ಹಾಕಿ ಕೇಳಬಹುದು. ಕಾಲೇಜಿನ ಯಾವ ಪ್ರಾಧ್ಯಾಪಕರು ಒಂದೇ ಮಾತನ್ನು ಮೂರು ಸಲ ಸಿಟ್ಟಾಗದೆ ಹೇಳಿಯಾರು? ಎಲ್.ಎಂ.ಎಸ್. ಕೂಡ ನಿಷ್ಠಾವಂತ ಹೆಡ್‌ಕ್ಲಾರ್ಕನಂತೆ ಇಂಥ ಪಾಠ ನೂರಕ್ಕೆ ಇಷ್ಟು ಆಗಿದೆ, ಇಂಥ ದಿನ ಉತ್ತರ ಒಪ್ಪಿಸಬೇಕು ಎಂದು ದಿನವೂ ನೆನಪು ಮಾಡುತ್ತಿತ್ತು.

ಮೊದಲ ಸೆಮಿಸ್ಟರಿನಲ್ಲಿ ವಚನ ಸಾಹಿತ್ಯದ ಮೇಲೆ ಒಂದು ದೀರ್ಘ ಪ್ರಬಂಧ ಬರೆಯಬೇಕಾಗಿ ಬಂತು. ಪ್ರಶ್ನೆಯ ಕೆಳಗೆ ಒಂದು ಸಾಲು: ಕನಿಷ್ಠ ಐದು ಆಕರ ಗ್ರಂಥಗಳನ್ನು ಪರಿಶೀಲಿಸಿ ಬರೆಯತಕ್ಕದ್ದು. ನ್ಯಾಯವಾದ ಮಾತು. ಅಕ್ಕ ನನ್ನನ್ನು ಕರೆದು ಮೊಬೈಲು ತೋರಿಸಿದರು.

"ತಮ್ಮಾ, ಇಲ್ಲಿ ಗ್ರಂಥಾಲಯ ಅಂತ ಬರದಾರ. ಒತ್ತಿದರ ಬರೇ ಕಟ್ಟಡದ ಚಿತ್ರ ಬರ್ತದ ನೋಡು."

ನಿಜ, ಚಂದದ ಚಿತ್ರ. ಅದರ ಕೆಳಗೆ ಗ್ರಂಥಾಲಯ ತೆರೆಯುವ ವೇಳೆ, ಮುಚ್ಚುವ ವೇಳೆ, ಯಾವ ಅಂತಸ್ತಿನಲ್ಲಿ ಏನಿದೆ ಎಂಬ ವಿವರ. ಪುಸ್ತಕಗಳ ಪಟ್ಟಿಯಲ್ಲಿ ಹುಡುಕಿದರೆ ಪುಸ್ತಕ ಉಂಟು. ಆದರೆ ಅದು ನೂರಾರು ಮೈಲಿ ಆಚೆ ಕಪಾಟಿನಲ್ಲಿ ಉಂಟು. ಆನ್‌ಲೈನ್ ಪತ್ರಿಕೆಗಳು ಎಂಬಲ್ಲಿ ಒತ್ತಿದರೆ ವಿಶ್ವವಿದ್ಯಾಲಯದ ಆವರಣದೊಳಗೆ ಮಾತ್ರ ಎಂಬ ಉತ್ತರ. ಅಕ್ಕ ಫೋನು ಮಾಡಿದರು. ಆನ್‌ಲೈನ್ ವಿಭಾಗದವರು ಗ್ರಂಥಾಲಯವನ್ನು ಕೇಳಿರೆಂದರು. ಗ್ರಂಥಾಲಯದವರು, ನಿಮ್ಮ ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಿ ಇಲ್ಲ, ಆನ್‌ಲೈನ್ ವಿಭಾಗವನ್ನು ಕೇಳಿರೆಂದರು. ಕಾರಕೂನನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಆವಕ ಒಂದು ಟೇಬಲ್ಲಿಗೆ, ಕಡತ ಇನ್ನೊಂದು ಟೇಬಲ್ಲಿನಲ್ಲಿ. ಎರಡೂ ಟೇಬಲ್ಲಿನವರು ಒಳ್ಳೆಯವರೇ. ಪುಸ್ತಕ ಮಾತ್ರ ಯಾರ ಕೈಗೂ ಬಾರದು.

ತುಕಾರಾಮ ಮಹಾರಾಜರ ದೇಹೂ ನಮ್ಮಿಂದ ಕೆಲವೇ ಮೈಲಿ. ಅವರ ಅಭಂಗದ ವಹಿಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದಾಗ ಹದಿಮೂರು ದಿನದ ಮೇಲೆ ಒಣಗಿದ್ದ ಹಾಗೆಯೇ ತೇಲಿ ಬಂದುವೆಂದು ಇಲ್ಲಿಯ ಜನ ನಂಬುವರು. ಪುಸ್ತಕ ತಾನಾಗಿ ತೇಲಿ ಬರುವದು ಸಂತರ ಪಾಲಿಗೆ. ನಮ್ಮಂಥವರಿಗೆ ಯಾರಾದರೂ ತಂದುಕೊಡಬೇಕು.

ತಂದುಕೊಡುವ ಏರ್ಪಾಡು ಏಕೆ ಇಲ್ಲ ಎಂಬುದನ್ನು ವಿಚಾರಿಸಿದರೆ ಎರಡು ಕಾರಣ ತೋರುವವು. ಒಂದು ಹಳೆಯ ರೂಢಿಯದು. ಅಂಚೆ ಶಿಕ್ಷಣದ ಕಾಲದಲ್ಲಿ ಹಳ್ಳಿಯ ವಿದ್ಯಾರ್ಥಿಗೆ ಗ್ರಂಥಾಲಯ ಎಲ್ಲಿಂದ ಬರಬೇಕು? ಆದುದರಿಂದ ಕಳಿಸುವ ಪಾಠದಲ್ಲಿಯೇ ಎಲ್ಲವೂ ಇರುವಂತೆ ಬರೆಯಬೇಕೆಂದು ಅಂದಿನವರು ನಿಶ್ಚಯಿಸಿದರು. 1969ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾಲಯವೂ ಮೊದಮೊದಲು ಈ ದಾರಿಯನ್ನೇ ಹಿಡಿಯಿತು. ನಮ್ಮ ಆಯೋಗದ ನಿಯಮದಲ್ಲಿಯೂ ಸ್ವಯಂಕಲಿಕೆಯ ಪಾಠವು ತನ್ನಲ್ಲಿಯೇ ತಾನು ಪೂರ್ಣವಾಗಿರಬೇಕೆಂದು ಇದೆ. ಅಂದಿನ ಮಟ್ಟಿಗೆ ಇದು ದಯೆಯ ಮಾತು. ಆದರೆ ಎಂ.ಎ. ಎಂದರೇನು? ಒಬ್ಬ ವಿದ್ವಾಂಸನ ಮಾತನ್ನು ಇನ್ನೊಬ್ಬನ ಮಾತಿಗೆ ತಿಕ್ಕಿ ಒರೆ ನೋಡುವದಲ್ಲವೆ? ಒಂದೇ ಪಾಠವನ್ನು ಓದಿ, ಅದರೊಳಗಿನ ಪ್ರಶ್ನೆಗೆ ಅದರೊಳಗಿನ ಉತ್ತರವನ್ನೇ ಬರೆದು, ಅಂಕ ಪಡೆದು ಹೊರಬಿದ್ದವನು ಪದವೀಧರನಾದಾನು. ಒಂದು ವಿಷಯ ಬೇಕಾದಾಗ ಅದನ್ನು ಹುಡುಕಿ ತೆಗೆಯುವ ಕೈ ಅವನಿಗೆ ಬಂದಿರುವದಿಲ್ಲ. ಎಲ್.ಎಂ.ಎಸ್. ಈ ದೋಷವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತಿದೆಯೆಂದು ನನ್ನ ಅನಿಸಿಕೆ. ವಿಡಿಯೋ ಎಷ್ಟು ನೋಡಿದಿರೆಂದು ಅದು ಎಣಿಸುವದು. ಎಷ್ಟು ಪುಸ್ತಕ ತೆರೆದಿರೆಂದು ಎಣಿಸಲು ಅದರಲ್ಲಿ ಕಾಲಮ್ಮೇ ಇಲ್ಲ. ಕಾಲಮ್ಮು ಇಲ್ಲದ ಕೆಲಸಕ್ಕೆ ಯಾವ ಕಚೇರಿಯಲ್ಲಿ ಬೆಲೆ ಉಂಟು?

ಎರಡನೆಯ ಕಾರಣ ಬೀಗದ್ದು. ಮೊದಲು ಗ್ರಂಥಾಲಯವು ಪುಸ್ತಕ, ಪತ್ರಿಕೆಗಳನ್ನು ಕೊಂಡು ಕಪಾಟಿನಲ್ಲಿ ಇಡುತ್ತಿತ್ತು. ಇಟ್ಟದ್ದು ಅದರ ಸೊತ್ತು. ಈಗ ಪ್ರಕಾಶಕರಿಗೆ ಚಂದಾ ಕಟ್ಟಿ ಓದುವ ಹಕ್ಕನ್ನು ಮಾತ್ರ ಪಡೆಯುವದು. ಆ ಪ್ರಕಾಶಕನ ಯಂತ್ರವು ಬಂದವನ ಹೆಸರನ್ನು ಕೇಳುವದಿಲ್ಲ, ಬಂದ ದಾರಿಯನ್ನು ನೋಡುವದು. ಇಂಟರ್ನೆಟ್ಟಿಗೆ ಸೇರಿದ ಪ್ರತಿ ಜೋಡಣೆಗೂ ಒಂದು ಸಂಖ್ಯೆಯಿರುತ್ತದೆ. ವಿಶ್ವವಿದ್ಯಾಲಯದ ಆವರಣದ ಸಂಖ್ಯೆಯಾದರೆ ಬಾಗಿಲು ತೆರೆಯುವದು. ದೇಹೂ ರೋಡಿನ ಮೊಬೈಲಿನ ಸಂಖ್ಯೆಯಾದರೆ ಮುಚ್ಚಿಕೊಳ್ಳುವದು. ನೀವು ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿಯೆಂಬುದು ಅದಕ್ಕೆ ಗೊತ್ತಿಲ್ಲ.

ಈ ಬೀಗಕ್ಕೆ ಕೀಲಿಕೈ ಇಲ್ಲವೆಂದಲ್ಲ. ಮನೆಯಲ್ಲಿ ಕುಳಿತವನನ್ನು ವಿಶ್ವವಿದ್ಯಾಲಯದ ಒಂದು ಯಂತ್ರದ ಮೂಲಕ ಹಾಯಿಸಿ ಕಳಿಸಿದರೆ ಪ್ರಕಾಶಕನಿಗೆ ಅವನು ಆವರಣದಿಂದಲೇ ಬಂದಂತೆ ಕಾಣುವನು. ಈಜಿಪ್ರಾಕ್ಸಿ ಎಂಬ ಇಂಥ ಸಾಧನವನ್ನು ಅಮೇರಿಕೆಯ ಒಬ್ಬ ಗ್ರಂಥಪಾಲಕ 1999ರಲ್ಲಿಯೇ ಮಾಡಿದ. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಇನ್‌ಫೆಡ್ ಎಂಬ ಏರ್ಪಾಡು ಮಾಡಿದೆ. ಅದಕ್ಕೆ ಸೇರಿದ ಸಂಸ್ಥೆಯ ವಿದ್ಯಾರ್ಥಿ ತನ್ನ ಸಂಸ್ಥೆಯ ಗುರುತಿನಿಂದಲೇ ಮನೆಯಿಂದ ಒಳಗೆ ಹೋಗಬಹುದು. ಕಾಲೇಜುಗಳಿಗಾಗಿ ಎನ್-ಲಿಸ್ಟ್ ಎಂಬುದನ್ನೂ ಅದೇ ಕೇಂದ್ರ ನಡೆಸುವದು. ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಗುಪ್ತಪದ ಕೊಡುವರು. ಇನ್ನು ಎಲ್.ಎಂ.ಎಸ್.ನ ಒಳಗಿನಿಂದಲೇ ಎರಡನೆಯ ಸಲ ಹೆಸರು ಹೇಳದೆ ಗ್ರಂಥಾಲಯಕ್ಕೆ ದಾಟಿ ಹೋಗುವದಕ್ಕೂ ಜಗತ್ತಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಒಂದು ಕ್ರಮ ಉಂಟು. ಅಮೇರಿಕೆಯ ಕಾಲೇಜು ಗ್ರಂಥಪಾಲಕರ ಸಂಘವಂತೂ ದೂರದಲ್ಲಿದ್ದು ಕಲಿಯುವವನಿಗೂ ಆವರಣದಲ್ಲಿರುವವನಷ್ಟೇ ಗ್ರಂಥಾಲಯದ ಹಕ್ಕುಂಟೆಂದು ದಶಕಗಳಿಂದ ಸಾರುತ್ತ ಬಂದಿದೆ.

2025ರ ಜನವರಿಯಿಂದ ಇನ್ನೊಂದು ದೊಡ್ಡ ಬಾಗಿಲು ತೆರೆದಿದೆ. ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಯಲ್ಲಿ ಕೇಂದ್ರ ಸರಕಾರವು 30 ಪ್ರಕಾಶಕರ ಸುಮಾರು 13 ಸಾವಿರ ಸಂಶೋಧನ ಪತ್ರಿಕೆಗಳಿಗೆ ದೇಶಕ್ಕೆಲ್ಲ ಒಂದೇ ಚಂದಾ ಕಟ್ಟಿದೆ; ಮೂರು ವರ್ಷಕ್ಕೆ 6 ಸಾವಿರ ಕೋಟಿ ರೂಪಾಯಿ. ಸರಕಾರಿ ವಿಶ್ವವಿದ್ಯಾಲಯ, ಕಾಲೇಜುಗಳ ಕೋಟಿಗೂ ಮೀರಿದ ವಿದ್ಯಾರ್ಥಿಗಳಿಗೆ ಇದರ ಪ್ರಯೋಜನವಾಗಬೇಕೆಂದು ಉದ್ದೇಶ. ವಿಜ್ಞಾನ, ವಾಣಿಜ್ಯ ಓದುವ ನಮ್ಮ ಹುಡುಗರು ಇದನ್ನು ತಪ್ಪದೆ ವಿಚಾರಿಸಿಕೊಳ್ಳಬೇಕು. ಆದರೆ ಆ ಪತ್ರಿಕೆಗಳಲ್ಲಿ ಹೆಚ್ಚಿನವೆಲ್ಲ ಇಂಗ್ಲಿಷಿನವು. ವಚನದ ಮೇಲೆ ಪ್ರಬಂಧ ಬರೆಯುವ ಅಕ್ಕನಿಗೆ ಅಲ್ಲಿ ಸಿಗುವದು ಅಷ್ಟಕ್ಕಷ್ಟೆ.

ಕನ್ನಡದ ಕಥೆಯೇ ಬೇರೆ. ಕನ್ನಡ ಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಇಲ್ಲವೆಂದು ಯಾರೂ ತಿಳಿಯಬಾರದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತರರೂ ಸೇರಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಪುಟಪುಟವನ್ನೂ ಚಿತ್ರ ತೆಗೆದರು. ಆ ಜಾಲತಾಣ ಮುಚ್ಚಿಹೋದರೂ ಅದರ ಬಹುಭಾಗ ಇಂಟರ್ನೆಟ್ ಆರ್ಕೈವ್ ಎಂಬಲ್ಲಿ ಈಗಲೂ ಉಂಟು. ಬೇಕಾದ ಪುಸ್ತಕವನ್ನು ಹುಡುಕಿ ನೋಡಿರಿ, ಆಗ ತಿಳಿಯುವದು. ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಅದೂ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಾಗಿ. ದೀರ್ಘಕ್ಕೆ ಒಬ್ಬ ಎರಡು ಅಕ್ಷರ ಹಾಕಿದರೆ ಇನ್ನೊಬ್ಬ ಒಂದೇ ಹಾಕಿದ. ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ. ಕೆಲವೆಡೆ ಗ್ರಂಥಕರ್ತನ ಹೆಸರೇ ಇಲ್ಲ. ಪಟ್ಟಿ ಬರೆಯುವದು ಕೀಳು ಕೆಲಸವೆಂದು ತಿಳಿದವರ ಕೈಗೆ ಪಟ್ಟಿ ಕೊಟ್ಟರೆ ಹೀಗಾಗುವದು. ಪುಸ್ತಕ ಮನೆಯಲ್ಲಿಯೇ ಉಂಟು, ಆದರೆ ಯಾವ ಗಂಟಿನಲ್ಲಿ ಎಂಬುದು ಗೊತ್ತಿಲ್ಲ. ನಮ್ಮ ಸ್ಟೋರಿನಲ್ಲಿ ಹೀಗೆ ಬಿನ್‌ಕಾರ್ಡ್ ಬರೆದಿದ್ದರೆ ಆಡಿಟಿನವರು ಬಿಡುತ್ತಿದ್ದರೆ?

ಇದಕ್ಕಿಂತ ಒಳಗಿನ ತೊಂದರೆ ಅಕ್ಷರದ್ದು. ಬಹಳ ವರ್ಷ ನಮ್ಮವರು ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಹಳೆಯ ಬಗೆಯ ಫಾಂಟುಗಳಲ್ಲಿ. ಆ ಬರಹ ಕಣ್ಣಿಗೆ ಕನ್ನಡ; ಯಂತ್ರದ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಶರಣ ಎಂದು ಹುಡುಕಿದರೆ ಸಾವಿರ ಸಲ ಆ ಮಾತು ಬಂದಿದ್ದರೂ ಒಂದೂ ಸಿಗುವದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಎಂಬ ಯೂನಿಕೋಡ್ ಕ್ರಮದಲ್ಲಿ ಬರೆದರೆ ಮಾತ್ರ ಹುಡುಕುವದು ಸಾಧ್ಯ. ಪುಟದ ಚಿತ್ರ ತೆಗೆದು ಇಟ್ಟ ಪುಸ್ತಕದ್ದೂ ಇದೇ ಗತಿ; ಚಿತ್ರದೊಳಗಿನ ಅಕ್ಷರವನ್ನು ಓದಿಸುವ ಸಾಧನ ಬಂದಿವೆಯಾದರೂ ಒತ್ತಕ್ಷರ ಕಂಡಲ್ಲಿ ಅವು ಇನ್ನೂ ಎಡವುವವು. ವಿಶ್ವವಿದ್ಯಾಲಯದ ಎಲ್.ಎಂ.ಎಸ್.ನಲ್ಲಿ ಹಾಕುವ ಕನ್ನಡ ಪಾಠಗಳಲ್ಲಿ ಇಂಥ ಚಿತ್ರದ ಪುಟಗಳೇ ಬಹಳ. ಇಂಗ್ಲಿಷ್ ವಿದ್ಯಾರ್ಥಿ ಒಂದು ಮಾತು ಟೈಪು ಮಾಡಿ ಅರೆಕ್ಷಣದಲ್ಲಿ ಕಂಡುಕೊಳ್ಳುವದನ್ನು ಕನ್ನಡ ವಿದ್ಯಾರ್ಥಿ ಬೆರಳಿನಿಂದ ಪುಟ ಸರಿಸುತ್ತ ಅರ್ಧ ರಾತ್ರಿ ಹುಡುಕಬೇಕು. ಓದುಗನ ವೇಳೆ ಉಳಿಸಬೇಕೆಂದು ಎಸ್. ಆರ್. ರಂಗನಾಥನ್ನರು 1931ರಲ್ಲಿಯೇ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಒಂದಾಗಿ ಹೇಳಿದರು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1962ರಲ್ಲಿ ಸಂಶೋಧನ ಕೇಂದ್ರ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಹತ್ತು ಗಂಟೆಗೆ ಓದಲು ಕೂತು ಐದು ಗಂಟೆಗೆ ನಳಕ್ಕೆ ನೀರು ಹಿಡಿಯಲು ಏಳಬೇಕಾದವರಿಗೆ ಆ ಸೂತ್ರದ ಬೆಲೆ ಚೆನ್ನಾಗಿ ಗೊತ್ತು.

ಎಲ್ಲವೂ ಹೀಗೆಯೇ ಎಂದು ಬರೆದರೆ ಅನ್ಯಾಯವಾದೀತು. ಅಕ್ಕನ ಪ್ರಬಂಧಕ್ಕೆ ದಾರಿ ತೋರಿಸಿದ್ದು ವಚನ ಸಂಚಯ ಎಂಬ ಜಾಲತಾಣ. ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿದ್ದು ಅನೇಕರಿಗೆ ಗೊತ್ತಿದೆ. ಆ ವಚನಗಳನ್ನು ಕೆಲವು ಕನ್ನಡಾಭಿಮಾನಿಗಳು, ಕಂಪ್ಯೂಟರ್ ಬಲ್ಲವರೂ ಸಾಹಿತ್ಯ ಬಲ್ಲವರೂ ಕೂಡಿ, ಯೂನಿಕೋಡಿಗೆ ತಂದು ಯಾರು ಬೇಕಾದರೂ ಹುಡುಕುವಂತೆ ಮಾಡಿದ್ದಾರೆ. 20 ಸಾವಿರಕ್ಕೂ ಮಿಕ್ಕ ವಚನಗಳು ಅಲ್ಲಿವೆ. ಒಂದು ಶಬ್ದ ಬರೆದರೆ ಸಾಕು, ಯಾವ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆಂಬುದು ಕಣ್ಣಮುಂದೆ ಬಂದು ನಿಲ್ಲುವದು. ಮೊದಲ ರಾತ್ರಿ ಅಕ್ಕ "ಒರಳು" ಎಂದು ಬರೆದು ನೋಡಿದರಂತೆ, ಆಮೇಲೆ "ಕದಿರು", ಆಮೇಲೆ "ಬುತ್ತಿ". ಮನೆಗೆಲಸದ ಮಾತುಗಳು ವಚನಗಳಲ್ಲಿ ಹೇಗೆ ಬಂದಿವೆ ಎಂಬುದೇ ಅವರ ಪ್ರಬಂಧದ ವಿಷಯವಾಯಿತು. ಅದು ಪಾಠದ ವಿಡಿಯೋದಲ್ಲಿ ಇರಲಿಲ್ಲ. ಬರೆದ ಪಾಠದಲ್ಲಿಯೂ ಇರಲಿಲ್ಲ. ತಾವೇ ಹುಡುಕಿದ್ದರಿಂದ ತಮ್ಮದಾದ ಒಂದು ಮಾತು ಅವರಿಗೆ ಸಿಕ್ಕಿತು. ಗ್ರಂಥಾಲಯವೆಂದರೆ ಇದೇ ಎಂದು ನನಗೆ ಅಂದು ತಿಳಿಯಿತು.

ಮೂಲ ಸಿಕ್ಕಿತು, ವಿದ್ವಾಂಸರು ಅದರ ಮೇಲೆ ಬರೆದದ್ದು ಬೇಕಲ್ಲ? ಇಲ್ಲಿ ಶೋಧಗಂಗಾ ಎಂಬುದು ಕೈ ಹಿಡಿಯಿತು. ನಮ್ಮ ವಿಶ್ವವಿದ್ಯಾಲಯಗಳು ಪಿಎಚ್.ಡಿ. ಕೊಟ್ಟ ಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ಅಲ್ಲಿ ಕೂಡಿಡುತ್ತಿದೆ. 5 ಲಕ್ಷಕ್ಕೂ ಹೆಚ್ಚು ಇವೆ. ಕನ್ನಡದಲ್ಲಿ ಬರೆದವೂ ಉಂಟು. ಓದಲು ಹಣವೂ ಬೇಡ, ಗುಪ್ತಪದವೂ ಬೇಡ. ಅಲ್ಲಿ ಒಂದು ಪ್ರಬಂಧದ ಕೊನೆಯ ಪುಸ್ತಕಪಟ್ಟಿಯಿಂದ ಬೇಕಾದ ಎರಡು ವಿಮರ್ಶಾಗ್ರಂಥಗಳ ಹೆಸರು ತಿಳಿದುವು. ಅವು ಕೃತಿಸ್ವಾಮ್ಯವಿರುವ ಪುಸ್ತಕಗಳು, ಎಲ್ಲಿಯೂ ಪುಕ್ಕಟೆ ಸಿಗುವಂಥವಲ್ಲ. ಒಂದನ್ನು ಧಾರವಾಡದಲ್ಲಿ ಓದುತ್ತಿರುವ ಅಕ್ಕನ ಸೋದರಳಿಯ ಕೊಂಡು ಬಸ್ಸಿನವರ ಕೈಯಲ್ಲಿ ಕಳಿಸಿದ. ಇನ್ನೊಂದು ಅಚ್ಚಿನಲ್ಲಿಯೇ ಇಲ್ಲ. ಕೊನೆಗೆ ಅಕ್ಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಕಾಗದವನ್ನೇ ಬರೆದರು, ಹಳೆಯ ಪದ್ಧತಿಯಂತೆ, ರಿಜಿಸ್ಟರ್ ಟಪಾಲಿನಲ್ಲಿ. ಎಂಟು ದಿನದ ಮೇಲೆ ಒಬ್ಬ ಸಹಾಯಕ ಗ್ರಂಥಪಾಲಕರಿಂದ ಫೋನು ಬಂತು. "ಯಾವ ಅಧ್ಯಾಯ ಬೇಕ್ರೀ ತಾಯಿ? ಹೇಳ್ರಿ, ಅಷ್ಟು ಸ್ಕ್ಯಾನ್ ಮಾಡಿ ಕಳಸ್ತೀನಿ" ಎಂದರು. ಕಳಿಸಿದರು. ಅಷ್ಟೇ ಅಲ್ಲ, ಇದರ ಜೊತೆಗೆ ಇದನ್ನೂ ನೋಡಿರಿ ಎಂದು ಇನ್ನೆರಡು ಲೇಖನಗಳ ಹೆಸರನ್ನೂ ಹೇಳಿದರು.

ಇಲ್ಲಿ ಕೃತಿಸ್ವಾಮ್ಯದ ಅಂಜಿಕೆಯನ್ನು ಕೆಲವರು ಮುಂದೆ ಮಾಡುವದುಂಟು. ಪಾಠಕ್ಕೆ ಬೇಕಾದ ಭಾಗಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಕೊಡುವದು 1957ರ ಕಾಯದೆಗೆ ವಿರುದ್ಧವಲ್ಲವೆಂದು ದಿಲ್ಲಿ ಹೈಕೋರ್ಟು 2016ರಲ್ಲಿ ಹೇಳಿದೆ. ಇಡೀ ಪುಸ್ತಕವನ್ನು ಜಾಲದಲ್ಲಿ ಹರಡುವದು ಬೇರೆ, ಒಬ್ಬ ವಿದ್ಯಾರ್ಥಿಗೆ ಒಂದು ಅಧ್ಯಾಯ ಕಳಿಸುವದು ಬೇರೆ.

ಆ ಸಹಾಯಕ ಗ್ರಂಥಪಾಲಕರಿಗೆ ಎಲ್.ಎಂ.ಎಸ್.ನಲ್ಲಿ ಜಾಗವೇ ಇಲ್ಲವೆಂಬುದನ್ನು ನಾನು ಆಮೇಲೆ ಗಮನಿಸಿದೆ. ಪಾಠ ಹೇಳುವವರ ಹೆಸರು ಅಲ್ಲಿದೆ, ಅಂಕ ಕೊಡುವವರ ಹೆಸರು ಇದೆ, ಶುಲ್ಕದ ವಿಚಾರಕ್ಕೆ ಯಾರನ್ನು ಕೇಳಬೇಕೆಂಬುದಂತೂ ಮೂರು ಕಡೆ ಇದೆ. ಪುಸ್ತಕದ ವಿಚಾರಕ್ಕೆ ಯಾರನ್ನು ಕೇಳಬೇಕು ಎಂಬುದು ಮಾತ್ರ ಇಲ್ಲ. ಪ್ರತಿ ಪಾಠದ ಪಕ್ಕಕ್ಕೆ ಒಬ್ಬ ಗ್ರಂಥಪಾಲಕರ ಹೆಸರು ಹಾಕಿ, ವಾರಕ್ಕೆ ಎರಡು ತಾಸು ಅವರು ಉತ್ತರ ಕೊಡುವಂತೆ ಮಾಡಿದರೆ ಎಷ್ಟು ಖರ್ಚಾದೀತು? ಹೊರದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದು ರೂಢಿಯಲ್ಲಿದೆ. ಯಂತ್ರ ಕೊಳ್ಳಲು ಹಣ ಮಂಜೂರಾಗುವಷ್ಟು ಬೇಗ ಮನುಷ್ಯನನ್ನು ಕೂಡ್ರಿಸಲು ಮಂಜೂರಾಗುವದಿಲ್ಲ. ಇದು ನಾನು ಸರಕಾರಿ ನೌಕರಿಯಲ್ಲಿ ಕಲಿತ ಪಾಠ.

ಇನ್ನು ಮನೆಯಲ್ಲಿ ಯಾರಾದರೂ ಆನ್‌ಲೈನ್ ಪದವಿಗೆ ಹೆಸರು ಹಚ್ಚುವ ವಿಚಾರದಲ್ಲಿದ್ದರೆ ಅವರಿಗೆ ಎರಡು ಮಾತು. ಮೊದಲನೆಯದು, ಆ ವರ್ಷಕ್ಕೆ ಆ ಪದವಿಗೆ ಮಾನ್ಯತೆಯುಂಟೆ ಎಂಬುದನ್ನು ಆಯೋಗದ ಪಟ್ಟಿಯಲ್ಲಿ ನೋಡಿಕೊಂಡೇ ಹಣ ಕಟ್ಟತಕ್ಕದ್ದು. ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ನಡುವೆ ಕೆಲವು ವರ್ಷ ಹೋಗಿ 2018ರಲ್ಲಿ ಮರಳಿ ಬಂದುದನ್ನು, ಆಗ ವಿದ್ಯಾರ್ಥಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಎರಡನೆಯದನ್ನು ಯಾರೂ ಹೇಳುವದಿಲ್ಲ. ಹೊಸ ಪದವಿ ಆರಂಭಿಸುವ ಮುನ್ನ ಪ್ರತಿ ವಿಶ್ವವಿದ್ಯಾಲಯವೂ ಒಂದು ಕಾರ್ಯಕ್ರಮ ಯೋಜನಾ ವರದಿ ಸಿದ್ಧಪಡಿಸಬೇಕೆಂದು ನಿಯಮವಿದೆ. ಅದರಲ್ಲಿ ಗ್ರಂಥಾಲಯದ ಅನುಕೂಲತೆಗಳು ಎಂಬ ಕಲಮು ಇರಲೇಬೇಕು. ಆ ವರದಿಯನ್ನು ಕೇಳಿ ತೆಗೆಸಿ, ಆ ಕಲಮನ್ನು ಓದಿರಿ. ಆಮೇಲೆ ಫೋನು ಮಾಡಿ ಕೇಳಿರಿ: ಮನೆಯಿಂದ ಗ್ರಂಥಾಲಯಕ್ಕೆ ಪ್ರವೇಶ ಉಂಟೆ? ಎಲ್.ಎಂ.ಎಸ್.ನ ಗುರುತಿನಿಂದಲೇ ಹೋಗಬಹುದೆ, ಬೇರೆ ಬೇಕೆ? ಅಚ್ಚಿನ ಪುಸ್ತಕದ ಒಂದು ಅಧ್ಯಾಯ ಬೇಕಾದರೆ ಕಳಿಸುವಿರಾ? ಉತ್ತರ ಕೊಡುವವರು ತಡವರಿಸಿದರೆ ಶುಲ್ಕ ಕಟ್ಟುವ ಮುನ್ನವೇ ನಿಮಗೆ ತಿಳಿದಂತಾಯಿತು. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಕೇಳುವ ಹೊತ್ತಿಗೆ ಅಲ್ಲಿ ಯಾರಾದರೂ ಒಂದು ಕಡತ ತೆರೆದಾರು.

ಪುಕ್ಕಟೆ ಸಿಗುವವುಗಳಲ್ಲಿ ಮೇಲೆ ಹೇಳಿದವಲ್ಲದೆ, ಖರಗಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಿಂದ ಎಲ್ಲರಿಗೂ ತೆರೆದಿದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯದು 2020ರಿಂದ ಉಂಟು. ಇಂದಿರಾ ಗಾಂಧಿ ವಿಶ್ವವಿದ್ಯಾಲಯದ ಪಾಠಗಳು ಇಜ್ಞಾನಕೋಶದಲ್ಲಿ ಸಿಗುವವು. ಡಿಪೋ, ಕಾರಖಾನೆಗಳ ಬಾಗಿಲಲ್ಲಿಯೇ ಮೊಬೈಲು ಒಪ್ಪಿಸಿ ಒಳಗೆ ಹೋಗುವ ನಮ್ಮ ಗೆಳೆಯರು ಹಿಂದಿನ ರಾತ್ರಿಯೇ ಬೇಕಾದ ಪುಟಗಳನ್ನು ಅಚ್ಚು ತೆಗೆಸಿ ಲೋಕಲ್ ರೈಲಿನಲ್ಲಿ ಓದುವರು. ಇದೂ ಒಂದು ಉಪಾಯ.

ಅಕ್ಕನ ಪ್ರಬಂಧದ ಗಡಿಬಿಡಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಚ್ಚಿನಲ್ಲಿಲ್ಲದ ಆ ಪುಸ್ತಕದ ಒಂದು ಪ್ರತಿ ನಿಗಡಿಯಲ್ಲಿ, ನಿವೃತ್ತರಾದ ನಮ್ಮವರೊಬ್ಬರ ಮನೆಯ ಟ್ರಂಕಿನಲ್ಲಿ ಇತ್ತು. ತಿಳಿದದ್ದು ಪ್ರಬಂಧ ಒಪ್ಪಿಸಿ ಒಂದು ತಿಂಗಳಾದ ಮೇಲೆ. ಊರಿನಿಂದ ಬರುವಾಗ ತಂದ ಪುಸ್ತಕ ಯಾರ ಮನೆಯಲ್ಲಿ ಏನಿದೆಯೋ! ಈಗ ನಾನೂ ಇನ್ನಿಬ್ಬರು ಗೆಳೆಯರೂ ರವಿವಾರಕ್ಕೊಮ್ಮೆ ಮನೆಮನೆಗೆ ಹೋಗಿ ಪಟ್ಟಿ ಬರೆಯುತ್ತಿದ್ದೇವೆ. ಪುಸ್ತಕದ ಹೆಸರು, ಗ್ರಂಥಕರ್ತ, ಅಚ್ಚಾದ ವರ್ಷ, ಯಾರ ಮನೆ, ಕೊಡುವರೋ ಅಲ್ಲಿಯೇ ಕುಳಿತು ಓದಬೇಕೋ, ಎಂದು ಐದು ಕಾಲಮ್ಮು. ಎಲ್ಲವೂ ಕನ್ನಡ ಅಕ್ಷರದಲ್ಲಿ, ಯೂನಿಕೋಡಿನಲ್ಲಿ. ದೇಹೂ ರೋಡಿನ ಹನ್ನೊಂದು ಮನೆಗಳು ಮುಗಿದಿವೆ. ನಿಗಡಿ, ಚಿಂಚವಡ, ತಳೇಗಾವಗಳವರು ತಮ್ಮ ಕಪಾಟು, ಟ್ರಂಕುಗಳನ್ನು ಒಮ್ಮೆ ತೆರೆದು ನೋಡಿ ಸಂಘದ ಕಚೇರಿಗೆ ತಿಳಿಸಿದರೆ ನಾವೇ ಬಂದು ಬರೆದುಕೊಂಡು ಹೋಗುವೆವು. ಚಹಾ ಇದ್ದರೆ ಸಾಕು.